ಸಂಖ್ಯೆಯ ಮುಂದಿನ ಸೊನ್ನೆ

ಅಕ್ಕನ ಹಳೆಯ ಫೋನಿನಲ್ಲಿದ್ದ ಇನ್ನೂರಕ್ಕೂ ಹೆಚ್ಚು ಸಂಖ್ಯೆಗಳನ್ನು ನಾನು ಒಂದು ಭಾನುವಾರ ಹುಮನಾಬಾದಿನ ನಮ್ಮ ಮನೆಯಲ್ಲಿ ಕೂತು ಸರಿಪಡಿಸಿದೆ. ‘ಸರಿಪಡಿಸಿದೆ’ ಎಂದು ಆಗ ಹೇಳಿಕೊಂಡು ತಿರುಗಿದ್ದೆ. ಈಗ ಬರೆಯುವಾಗ ಆ ಮಾತಿನ ಹತ್ತಿರ ಕೈ ತಡೆಯುತ್ತದೆ. ಬೇರೆ ಮಾತು ಸಿಗುವವರೆಗೆ ಅದೇ ಇರಲಿ.

ಅಕ್ಕ ಬಸವಕಲ್ಯಾಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಊರಿನ ಹೆಸರು ಹೇಳುವುದಿಲ್ಲ. ಮಂಠಾಳದ ಸಂತೆಗೆ ನಡೆದು ಹೋಗಿ ಬರುವಷ್ಟು ದೂರ ಎಂದರೆ ಸಾಕು. ಊರಿನ ಬಸುರಿಯರು, ಬಾಣಂತಿಯರು, ಎಳೆಗೂಸುಗಳು, ಹೊಸದಾಗಿ ಬಂದ ಸೊಸೆಯರು ಎಲ್ಲರೂ ಅವಳ ಪಾಲಿಗೆ ಬರುತ್ತಾರೆ. ಓದಿದ್ದು ಏಳನೆಯ ತರಗತಿ. ನಾನು ತತ್ತ್ವಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಸಂಶೋಧನೆಯ ಹೆಸರಿನಲ್ಲಿ ಇನ್ನೂ ಆರು ವರ್ಷ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಕಳೆದು, ಈಗ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಯಾವುದನ್ನೂ ಅನುಮಾನಿಸದೆ ಒಪ್ಪಬೇಡಿ ಎಂದು ಹುಡುಗರಿಗೆ ಹೇಳುವುದೇ ನನ್ನ ಕೆಲಸ. ಆ ಭಾನುವಾರ ನನಗೆ ಯಾವ ಅನುಮಾನವೂ ಬರಲಿಲ್ಲ.

ಅವಳ ಹತ್ತಿರ ಇದ್ದುದು ಗುಂಡಿ ಒತ್ತುವ ಸಣ್ಣ ಫೋನು. ಕೆಲಸದ ಮಾಹಿತಿಯನ್ನೆಲ್ಲ ದೊಡ್ಡ ಫೋನಿನಲ್ಲೇ ತುಂಬಬೇಕು ಎಂದಾದಮೇಲೆ ನನ್ನದೊಂದು ಹಳೆಯ ಫೋನನ್ನು ಅವಳಿಗೆ ಕೊಡುವುದೆಂದು ಮಾತಾಯಿತು. ಸಂಖ್ಯೆಗಳನ್ನು ಅದಕ್ಕೆ ದಾಟಿಸಲು ಸಣ್ಣ ಫೋನನ್ನು ಕಲ್ಯಾಣದ ಬಸ್ ಸ್ಟ್ಯಾಂಡಿಗೆ ತಂದು ನನ್ನ ಕೈಗಿಟ್ಟಳು. ಒಂದು ಕರವಸ್ತ್ರದಲ್ಲಿ ಸುತ್ತಿದ್ದಳು.

“ತಮ್ಮಾ, ಕೆಡಸಬ್ಯಾಡ ನೋಡು. ನನ್ನ ಅರ್ಧಾ ಜೀವ ಇದರಾಗ ಅದ.”

“ಉಳದದ್ದು ಎಲ್ಲದ?”

“ನಿಮ್ಮ ಭಾವನ ಹೊಟ್ಟ್ಯಾಗ. ರೊಟ್ಟಿ ಬಡದು ಬಡದು ಅಲ್ಲೇ ಹೋಗ್ಯದ.”

ಇಲ್ಲಿಯವರೆಗೆ ನೆನಪು ಗಟ್ಟಿಯಾಗಿದೆ. ಇದರ ಮುಂದಿನದರ ಮೇಲೆ ನನಗೆ ನಂಬಿಕೆ ಇಲ್ಲ. ಬಸ್ಸು ಹೊರಟಾಗ ಅಕ್ಕ ಕಿಟಕಿಯ ಕೆಳಗೆ ನಿಂತು ಏನೋ ಹೇಳಿದಳು. “ನಂಬರ ಹ್ಯಾಂಗದಾವ ಹಾಂಗೇ ಹಾಕು” ಎಂದಳೆಂದು ಒಮ್ಮೆ ಅನ್ನಿಸುತ್ತದೆ. ಇಂಜಿನಿನ ಸದ್ದಿನಲ್ಲಿ ಅವಳ ಬಾಯಿ ಆಡಿದ್ದಷ್ಟೇ ಕಂಡಿತ್ತು, ಮಾತನ್ನು ಆಮೇಲೆ ನಾನೇ ಹೊಂದಿಸಿಕೊಂಡೆ ಎಂದು ಇನ್ನೊಮ್ಮೆ ಅನ್ನಿಸುತ್ತದೆ. ತಲೆಯಾಡಿಸಿದ್ದು ಮಾತ್ರ ನಿಜ. ಕೇಳಿಸದಿದ್ದರೂ ತಲೆಯಾಡಿಸುವ ಅಭ್ಯಾಸ ನನಗಿದೆ.

ಭಾನುವಾರ ಅವಳ ಸಿಮ್ಮನ್ನು ನನ್ನ ಫೋನಿಗೆ ಹಾಕಿ ಪಟ್ಟಿ ತೆರೆದೆ. ಹೆಸರುಗಳು ಹೆಸರುಗಳಾಗಿರಲಿಲ್ಲ. ‘ಅಗಸಿ ಮನಿ ಸಣ್ಣ ಸೊಸಿ’, ‘ಬಾವಿ ಓಣಿ ದೊಡ್ಡಾಕಿ’, ‘ಗಿರಣಿ ಹಿಂದಿನಾಕಿ’ ಎಂದು ಮನೆಯ ಗುರುತುಗಳಿದ್ದವು. ಅದಕ್ಕೆ ನಾನು ಕೈ ಹಚ್ಚಲಿಲ್ಲ. ಸಂಖ್ಯೆಗಳು ಮಾತ್ರ ಕಣ್ಣಿಗೆ ಚುಚ್ಚಿದವು. ಕೆಲವಕ್ಕೆ ಮುಂದೆ +91 ಇತ್ತು, ಕೆಲವು ಬರಿಯ ಹತ್ತು ಅಂಕಿಗಳು, ಬಹಳಷ್ಟರ ಮುಂದೆ ಒಂದು ಸೊನ್ನೆ. ಮೂರರಲ್ಲಿ ಯಾವುದನ್ನು ಒತ್ತಿದರೂ ಫೋನು ಹೋಗುತ್ತದೆ. ಹೋಗುತ್ತದೆ ಎಂದಮೇಲೆ ಎಲ್ಲ ಒಂದೇ ಥರ ಇದ್ದರೇನು ಎಂದು ಪಟ್ಟಿಯನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಸ್ಪ್ರೆಡ್‌ಶೀಟಿನ ಹಾಳೆಯಲ್ಲಿ ತೆರೆದು, ಎಲ್ಲಕ್ಕೂ +91 ಹಚ್ಚಿ, ಐದಂಕಿಯ ನಂತರ ಒಂದು ಜಾಗ ಬಿಟ್ಟು ಜೋಡಿಸಿದೆ. ಮೇಲಿಂದ ಕೆಳಗೆ ನೋಡಿದರೆ ಒಂದು ಗೆರೆ ಎಳೆದ ಹಾಗೆ ನೆಟ್ಟಗಾಯಿತು. ಎರಡೆರಡು ಸಲ ಕಾಣದಿರಲಿ ಎಂದು ಸಿಮ್ಮಿನಲ್ಲಿದ್ದ ಹಳೆಯದನ್ನು ಅಳಿಸಿಯೂ ಬಿಟ್ಟೆ. ವರ್ಷಗಳಿಂದ ಮುಗಿಯದ ನನ್ನ ಪ್ರಬಂಧದ ಒಂದು ಪುಟವೂ ನನಗೆ ಅಷ್ಟು ಸಂತೋಷ ಕೊಟ್ಟಿರಲಿಲ್ಲ.

ಹೆಂಡತಿ ಅಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವಳಿಗೆ ಹೇಳಿದೆ: “ನಮ್ಮ ಅಕ್ಕ ಇನ್ನೂ ಎಸ್‌ಟಿಡಿ ಬೂತಿನ ಕಾಲದಾಗೇ ಇದ್ದಾಳ. ಕಂಡಕಂಡದಕ್ಕ ಮುಂದ ಸೊನ್ನಿ ಹಚ್ಚ್ಯಾಳ.”

“ತೆಗದ್ರೇನು?”

“ತೆಗದೆ.”

“ಒಂದೂ ಬಿಡಲಿಲ್ಲ?”

“ಕಡೀದೆ ಬಿಡಲಾಕ ಅವೇನು ಹಣ್ಣಿನ ಗಿಡಾನ?” ಎಂದು ನಕ್ಕೆ. ಅವಳು ಬೆಳ್ಳುಳ್ಳಿಯ ಸಿಪ್ಪೆಯನ್ನು ಮೊರದಲ್ಲಿ ಒಟ್ಟು ಮಾಡಿ ಎದ್ದು ಹೋದಳು.

ಮರುದಿನ ಬೆಳಿಗ್ಗೆ ದೊಡ್ಡ ಫೋನನ್ನು ಕಲ್ಯಾಣಕ್ಕೆ ಒಯ್ದು ಅಕ್ಕನ ಕೈಗೆ ಕೊಟ್ಟು ಬಂದೆ. ಹೇಗೆ ತೆರೆಯುವುದು, ಹೇಗೆ ಹುಡುಕುವುದು ಎಂದು ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತು ತೋರಿಸಿದೆ. “ಎಲ್ಲಾ ಬರೊಬ್ಬರಿ ಮಾಡೀನಿ” ಎಂದೂ ಹೇಳಿದೆ. ಇದನ್ನು ಹೇಳಿದ್ದು ಖಂಡಿತ. ಅಂದು ಸಂಜೆಯೇ ಅವಳ ಫೋನು ಬಂತು.

“ತಮ್ಮಾ, ಸೊನ್ನಿ ಎಲ್ಲಿ ಹೋದವೋ?”

ದನಿಯಲ್ಲಿ ಸಿಟ್ಟು ಇರಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಮಕ್ಕಳು ಎಲ್ಲಿ ಎಂದು ಕೇಳುವ ದನಿ ಅದು. ನಾನು ಸೊನ್ನೆ ಇಲ್ಲದಿದ್ದರೂ ಫೋನು ಹೋಗುತ್ತದೆ ಎಂದು ವಿವರಿಸಲು ಶುರುಮಾಡಿದೆ. ಅವಳು ಪೂರ್ತಿ ಕೇಳಿ, “ಹೋಗ್ತದ. ಹೋಗಿದ್ದೇ ಕೆಟ್ಟಿತು” ಎಂದಳು.

ಆಗಿದ್ದು ಇಷ್ಟು. ಸೊನ್ನೆ ಅಕ್ಕ ಇಟ್ಟುಕೊಂಡ ಗುರುತು. ಮುಂದೆ ಸೊನ್ನೆ ಇದ್ದರೆ ಆ ಫೋನು ಆ ಹೆಂಗಸಿನ ಕೈಯಲ್ಲಿಲ್ಲ, ಅತ್ತೆಯದೋ ಗಂಡನದೋ ಪಕ್ಕದ ಮನೆಯದೋ ಎಂದು ಅರ್ಥ. ಅಂಥ ಸಂಖ್ಯೆಗೆ ಫೋನು ಮಾಡಿದಾಗ ಅಕ್ಕ ಒಂದೇ ಮಾತು ಹೇಳುತ್ತಿದ್ದಳು: “ಅಂಗನವಾಡಿಗಿ ಹಿಟ್ಟು ಬಂದಾದ, ನಿಮ್ಮ ಸೊಸಿಗಿ ಕಳಸರಿ.” ಸೊಸೆ ಹಿಟ್ಟಿನ ಚೀಲ ಹಿಡಿದು ಬರುತ್ತಿದ್ದಳು, ಹೇಳಬೇಕಾದದ್ದನ್ನು ಅಕ್ಕ ಅಲ್ಲಿ ಹೇಳುತ್ತಿದ್ದಳು. ಹೆಸರಿನ ಮುಂದೆ ಏನಾದರೂ ಬರೆದುಕೊಂಡರೆ ನೋಡಿದವರು ಕೇಳುತ್ತಾರೆ. ಸೊನ್ನೆಯನ್ನು ಯಾರೂ ಕೇಳುವುದಿಲ್ಲ. ಊರಿನ ಹೆಂಗಸರಿಗೂ ಗೊತ್ತಿತ್ತಂತೆ. ನಂಬರು ಕೊಡುವಾಗ ಅವರೇ “ಸೊನ್ನಿ ಹಚ್ಚಕೋ ಅಕ್ಕಾ” ಎಂದು ಮೆಲ್ಲಗೆ ಹೇಳುತ್ತಿದ್ದರಂತೆ.

ಗಿರಣಿಯ ಹಿಂದಿನ ಮನೆಗೆ ಬಂದು ಮೂರು ವರ್ಷವಾದ ಒಬ್ಬ ಸೊಸೆ ಇದ್ದಳು. ಎರಡು ಹೆಣ್ಣುಮಕ್ಕಳು, ಚಿಕ್ಕದಕ್ಕೆ ಇನ್ನೂ ಹಲ್ಲು ಬಂದಿರಲಿಲ್ಲ. ಮತ್ತೆ ಬಸುರಾಗದಂತೆ ಮೂರು ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಸೂಜಿ ಹಾಕಿಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ; ಅತ್ತೆ ಗಂಡುಮಗುವಿಗೆ ಹರಕೆ ಹೊತ್ತಿದ್ದಳು. ಅಕ್ಕ ಹೊಸ ಫೋನಿನಲ್ಲಿ ಅವಳ ಸಂಖ್ಯೆ ತೆಗೆದಾಗ ಮುಂದೆ ಸೊನ್ನೆ ಇರಲಿಲ್ಲ. ಅತ್ತ ಎತ್ತಿದವಳ ದನಿಯೂ ಎಳೆಯದಾಗಿತ್ತು.

“ನಾಳಿ ನಿನ್ನ ಸೂಜಿ ದಿನ ಅದ. ಈ ಸಲ ತಪ್ಪಸಬ್ಯಾಡವ್ವಾ, ತಪ್ಪಿದ್ರ ಬಸರ ನಿಲ್ತದ.”

“ಯಾವ ಸೂಜಿ?” ಎಂದಿತು ಆ ದನಿ. ಅದು ನಾದಿನಿಯದು.

ರಾತ್ರಿಯೆಲ್ಲ ನಾನು ಕಂಪ್ಯೂಟರಿನ ಹಾಳೆಯನ್ನು ದೂರಿದೆ. ಅಂಥ ಹಾಳೆಗಳ ಸ್ವಭಾವ ಬಲ್ಲವರಿಗೆ ಗೊತ್ತು: ಸೊನ್ನೆಯಿಂದ ಶುರುವಾಗುವುದನ್ನು ಬರಿಯ ಲೆಕ್ಕದ ಅಂಕಿಯೆಂದು ತಿಳಿದು ಮುಂದಿನ ಸೊನ್ನೆಯನ್ನು ತಾನಾಗಿ ಬಿಟ್ಟುಬಿಡುತ್ತದೆ. ಹಾಗಿದ್ದರೆ ನಾನು ತೆಗೆಯಲಿಲ್ಲ, ತೆಗೆದದ್ದನ್ನು ನೋಡಲಿಲ್ಲ ಅಷ್ಟೆ. ಈ ವಾದ ಎಷ್ಟು ಚೆನ್ನಾಗಿತ್ತೆಂದರೆ ಬೆಳಗಾಗುವ ಹೊತ್ತಿಗೆ ನಾನು ಅದನ್ನು ಪೂರ್ತಿ ನಂಬಿದ್ದೆ. ಚಾ ಕುಡಿಯುತ್ತ ಹೆಂಡತಿಗೂ ಹೇಳಿದೆ. ಸೊನ್ನೆಗಳು ಇದ್ದುದೇ ನನ್ನ ಗಮನಕ್ಕೆ ಬಂದಿರಲಿಲ್ಲ ಎಂದೆ.

ಅವಳು ಚಾ ಸೋಸುತ್ತಿದ್ದಳು. “ಗಮನಕ್ಕ ಬಂದಿಲ್ಲಂದ್ರ ಯಾಕ ನಕ್ಕಿದ್ರಿ?” ಎಂದಳು.

“ಯಾವಾಗ ನಕ್ಕೆ?”

“ಬೂತಿನ ಕಾಲದಾಕಿ ಅಂತ. ನಾ ಬಳ್ಳೊಳ್ಳಿ ಸುಲ್ಯಾಕತ್ತಿದ್ದೆ.”

ಮೇಲೆ ಬೂತಿನ ಮಾತನ್ನು ನಾನು ನನ್ನ ನೆನಪೆಂಬಂತೆ ಬರೆದಿದ್ದೇನೆ. ಅದು ನನ್ನ ನೆನಪಲ್ಲ, ಆ ಬೆಳಿಗ್ಗೆ ಅವಳು ಒಪ್ಪಿಸಿದ್ದು. ಅವಳು ಹೇಳಿದಮೇಲೆ ಮೊರ, ಸಿಪ್ಪೆ, ನನ್ನ ನಗು ಎಲ್ಲ ಒಂದೊಂದಾಗಿ ವಾಪಸು ಬಂದವು. ಒಂದು ರಾತ್ರಿಯಲ್ಲಿ ನನ್ನ ತಲೆ ತನಗೆ ಬೇಡದ್ದನ್ನು ಅಳಿಸಿ ಉಳಿದದ್ದನ್ನು ನೆಟ್ಟಗೆ ಜೋಡಿಸಿಟ್ಟಿತ್ತು. ಹಾಳೆ ಮಾಡಿದ್ದೂ ಅದನ್ನೇ.

ಮುಂದಿನ ಭಾನುವಾರ ಅಕ್ಕನ ಊರಿಗೆ ಹೋದೆ. ಸೋಯಾ ರಾಶಿಯ ಕಾಲ, ರಸ್ತೆಯುದ್ದಕ್ಕೂ ಹೊಟ್ಟಿನ ಧೂಳು. ದಾರಿಯಲ್ಲೇ ಒಂದು ನಿರ್ಧಾರ ಮಾಡಿಕೊಂಡಿದ್ದೆ. ಗಿರಣಿ ಹಿಂದಿನ ಮನೆಗೆ ನಾನೇ ಹೋಗಿ, ಇದು ನನ್ನ ತಪ್ಪು, ಫೋನಿನಲ್ಲಿ ನಂಬರು ಅದಲುಬದಲಾಗಿತ್ತು, ಆ ಮಾತು ಬೇರೆ ಯಾರಿಗೋ ಹೇಳಬೇಕಾಗಿದ್ದದ್ದು ಎಂದು ಹೇಳುವುದು. ಅಕ್ಕ ಪಡಸಾಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಳು. ತಲೆ ಎತ್ತದೆ ಕೇಳಿದಳು.

“ಬೇರೆ ಯಾರಿಗಿ ಅಂತಿ? ಹೆಸರು ಹೇಳು ಅಂತಾರ. ಯಾವ ಮನಿ ಮ್ಯಾಲ ಹಾಕತಿ?”

“ಹಂಗಾರ ಸೊನ್ನಿ ಹೋಗಿದ್ದೇ ಹೇಳ್ತೀನಿ.”

“ಹೇಳು. ಊರ ಮಂದಿಗೆಲ್ಲಾ ಸೊನ್ನಿ ಮಾಲೂಮ ಆಗ್ಲಿ. ಉಳದ ಹೆಣಮಕ್ಕಳೂ ಹಾಳಾಗ್ಲಿ.” ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು. “ಇಷ್ಟು ಓದಿದಿ. ತಪ್ಪಾತು ಅನ್ನೋದೂ ಎಲ್ಲಿ ಅನ್ನಬೇಕು ಅಂತ ಕಲಸಲಿಲ್ಲೇನು ಅವರು?”

ಕಲಿಸಿರಲಿಲ್ಲ. ಆ ಮನೆಯಲ್ಲಿ ಏನಾಯಿತೆಂದು ಕೇಳಿದೆ. ಸೊಸೆಯನ್ನು ಹೊಡೆದರೋ ಇಲ್ಲವೋ ಅಕ್ಕನಿಗೂ ತಿಳಿದಿರಲಿಲ್ಲ. ಮರುದಿನ ಅವಳು ಆಸ್ಪತ್ರೆಗೆ ಬರಲಿಲ್ಲ. ಅಕ್ಕ ಮನೆಯ ಹತ್ತಿರ ಹೋದಾಗ ಅತ್ತೆ ಬಾಗಿಲಲ್ಲೇ ನಿಂತು, “ನೀ ನಮ್ಮ ಕಟ್ಟಿ ಹತ್ತಬ್ಯಾಡ. ನಮ್ಮ ಮನಿ ಬೀಜಕ್ಕ ಸೂಜಿ ಚುಚ್ಚಾಕಿ ನೀ” ಎಂದಳಂತೆ. ಹಿಂದೆ ಕತ್ತಲಲ್ಲಿ ಸೊಸೆ ಚಿಕ್ಕದನ್ನು ಎತ್ತಿಕೊಂಡು ನಿಂತಿದ್ದಳಂತೆ. ಅಕ್ಕನನ್ನು ನೋಡಲಿಲ್ಲವಂತೆ.

“ಆಕಿ ಏನ ತಿಳಕೊಂಡಿರತಾಳ ಗೊತ್ತದ ಏನು? ನಾನೇ ಬೇಕಂತ ಹೇಳೀನಿ ಅಂತ ತಿಳಕೊಂಡಿರತಾಳ. ಸೊನ್ನಿ ಹಚ್ಚಿದ್ದೆ ಅಂತ ಆಕಿಗೆ ಗೊತ್ತದಲ್ಲ.”

ಇದು ನನಗೆ ಹೊಳೆದಿರಲಿಲ್ಲ. ಅಕ್ಕನನ್ನು ನಂಬಿದ್ದ ಒಬ್ಬಳ ಕಣ್ಣಿನಲ್ಲಿ ಅಕ್ಕ ಸುಳ್ಳುಗಾತಿಯಾಗಿದ್ದಳು. ನಾನು ಎಲ್ಲೂ ಇರಲಿಲ್ಲ. ತಪ್ಪು ಮಾಡಿದವನ ನಂಬರಾಗಲಿ ಹೆಸರಾಗಲಿ ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಇಂದಿಗೂ.

ಆಮೇಲೆ ಅಕ್ಕ ಫೋನನ್ನು ನನ್ನ ಮುಂದೆ ಇಟ್ಟಳು. “ಓದು. ನಾ ಹೇಳ್ತೀನಿ. ಹಚ್ಚಕೊಂತ ಹೋಗು.” ನನ್ನ ಹತ್ತಿರ ಹಳೆಯ ಪಟ್ಟಿ ಉಳಿದಿರಲಿಲ್ಲ. ಅದರ ಮೇಲೆಯೇ ಹೊಸದನ್ನು ಉಳಿಸಿದ್ದೆ. ಮಧ್ಯಾಹ್ನದಿಂದ ದೀಪ ಹಚ್ಚುವವರೆಗೆ ನಾನು ಮನೆಯ ಗುರುತು ಓದಿದೆ, ಅವಳು ಬೇಳೆಯಿಂದ ಕಣ್ಣು ತೆಗೆಯದೆ ಹೇಳಿದಳು.

“ಅಗಸಿ ಮನಿ ಸಣ್ಣ ಸೊಸಿ.”

“ಹಚ್ಚು. ಆಕಿ ಫೋನು ಗಂಡನ ಅಂಗಿ ಕಿಸೆದಾಗ ಇರ್ತದ.”

“ಬಾವಿ ಓಣಿ ದೊಡ್ಡಾಕಿ.”

“ಬ್ಯಾಡ. ಆಕಿ ಹತ್ತಿರ ಎರಡು ಫೋನವ. ಗಂಡಗ ಒಂದೂ ಇಲ್ಲ, ಕೇಳಿ ಇಸಕೊಂಡು ಮಾತಾಡ್ತಾನ.”

“ಕಟ್ಟಿಮನಿ ಮಗಳು.”

“ಹಗಲು ಆಕೀದು, ಸಂಜಿಗಿ ಅಣ್ಣಂದು. ಹಚ್ಚು.”

ಕೆಲವು ಕಡೆ ಅವಳ ಬೆರಳು ಬೇಳೆಯಲ್ಲಿ ನಿಲ್ಲುತ್ತಿತ್ತು. ನೆನಪಾಗುತ್ತಿರಲಿಲ್ಲ. ಅಂಥವು ನಲವತ್ತರ ಹತ್ತಿರ ಇದ್ದಿರಬೇಕು. “ಹಚ್ಚಿಬಿಡು. ಸೊನ್ನಿ ಹಚ್ಚಿದ್ರ ಏನೂ ಕೆಡಂಗಿಲ್ಲ. ತಗದ್ರೇ ಕೆಡೋದು” ಎಂದಳು. ಹೀಗೆ, ತಮ್ಮದೇ ಫೋನು ಇದ್ದ ಕೆಲವರಿಗೂ ಅಂದು ಸೊನ್ನೆ ಬಿತ್ತು. ಅವರಿಗೂ ಹಿಟ್ಟಿನ ಮಾತೇ ಹೋಗುತ್ತದೆ, ಅವರೂ ಚೀಲ ಹಿಡಿದು ಬರುತ್ತಾರೆ.

‘ತಮ್ಮನ ಹೆಂಡತಿ’ ಎಂಬುದು ಬಂದಾಗ ನಾನು ಓದದೆ ಮುಂದಕ್ಕೆ ಸರಿದೆ. ಅಕ್ಕ ಬೇಳೆಯ ಕಡೆ ನೋಡುತ್ತಿದ್ದಳೆಂದುಕೊಂಡಿದ್ದೆ.

“ನಿಲ್ಲು. ಅದಕ್ಕ ಹಚ್ಚು.”

“ಇದಕ್ಕ್ಯಾಕ?”

“ಮೊದಲ ಇತ್ತಲ್ಲ.”

“ನಮ್ಮ ಮನ್ಯಾಗ ಯಾರಂತ ಹಚ್ಚಿದ್ದಿ? ಅತ್ತಿ ಇಲ್ಲ, ಮಾವ ಇಲ್ಲ.”

“ನಾ ಎಲ್ಲಿ ಹಚ್ಚಿದೆ? ಆಕೀನೇ ಹಚ್ಚಿಸ್ಯಾಳ. ಮದುವಿ ಆದ ವರ್ಷ ಬಂದಿದ್ರಲ್ಲ, ಆವಾಗ ಮಾತಿಗಿ ಮಾತು ಬಂದು ಈ ಸೊನ್ನಿ ವಿಷಯ ಹೇಳಿದೆ. ನಕ್ಕೊಂತ ‘ನನಗೂ ಒಂದು ಹಚ್ಚರಿ ಅಕ್ಕಾ, ಫೋನು ಬಂದ್ರ ಇವರೇ ಎತ್ತತಾರ’ ಅಂದಳು.”

“ನಕ್ಕೊಂತ ಅಂದಳಲ್ಲ? ಚೇಷ್ಟಾ ಇರಬೇಕು.”

“ಇರಬಹುದು,” ಎಂದಳು ಅಕ್ಕ. “ನೀ ಎತ್ತೋದು ಖರೆ ಅದಲ್ಲ?”

ಖರೆ. ಹನ್ನೊಂದು ವರ್ಷದಿಂದ ಮನೆಯಲ್ಲಿ ಯಾವ ಫೋನು ರಿಂಗಾದರೂ ಹತ್ತಿರ ಇದ್ದರೆ ನಾನೇ ಎತ್ತುತ್ತೇನೆ. ಅದನ್ನು ಸಹಾಯ ಎಂದುಕೊಂಡಿದ್ದೆ. ಯಾರು, ಏನು, ಎಷ್ಟು ಹೊತ್ತು ಎಂದು ಕೇಳುವುದನ್ನು ಕಾಳಜಿ ಎಂದುಕೊಂಡಿದ್ದೆ. ಗಿರಣಿ ಹಿಂದಿನ ಮನೆಯ ಅತ್ತೆಯ ಬಗ್ಗೆ ಬಸ್ಸಿನಲ್ಲಿ ಕೂತು ನಾನು ಮನಸ್ಸಿನಲ್ಲೇ ಒಂದು ಭಾಷಣ ಸಿದ್ಧಮಾಡಿಕೊಂಡಿದ್ದೆ. ಅಕ್ಕನ ಪಟ್ಟಿಯಲ್ಲಿ ಆ ಅತ್ತೆಗೂ ನನಗೂ ಒಂದೇ ಗುರುತು.

ಇನ್ನೊಂದು ಸಂಗತಿ ವಾಪಸು ಬರುವಾಗ ಹೊಳೆಯಿತು. ಬೆಳ್ಳುಳ್ಳಿ ಸುಲಿಯುತ್ತ “ಒಂದೂ ಬಿಡಲಿಲ್ಲ?” ಎಂದು ಕೇಳಿದಾಗ ಹೆಂಡತಿಗೆ ಸೊನ್ನೆಯ ಅರ್ಥ ಗೊತ್ತಿತ್ತು. ಆಗಲೇ ಹೇಳಿಬಿಡಬಹುದಿತ್ತಲ್ಲ ಎಂದು ಬಸ್ಸಿನಲ್ಲಿ ಸಿಟ್ಟು ಬಂತು. ಅವಳ ಮೇಲೆ ಹಾಕಲು ಒಂದು ಪಾಲು ಸಿಕ್ಕಿತೆಂದು ಸ್ವಲ್ಪ ಹಗುರವೂ ಆಯಿತು ಎಂದು ಒಪ್ಪಿಕೊಳ್ಳಬೇಕು. ಅಕ್ಕನಿಗೆ ತಿಳಿಸೋಣವೆಂದರೆ ಅಕ್ಕನ ಸಿಮ್ಮು ನನ್ನ ಮೇಜಿನ ಮೇಲಿತ್ತು. ನನಗೆ ಹೇಳೋಣವೆಂದರೆ, ಸೊನ್ನೆ ಇದ್ದುದು ಯಾರಿಂದ ಮರೆಯಾಗಿರಲೆಂದೋ ಅವನಿಗೇ ಹೇಳಬೇಕಿತ್ತು. ಮನೆಗೆ ಬಂದು ನಾನು ಏನೂ ಕೇಳಲಿಲ್ಲ. ಏನನ್ನು ಮುಚ್ಚಿಡಲು ಆ ಸೊನ್ನೆ ಎಂದು ಹಲವು ಸಲ ನಾಲಿಗೆಯ ತುದಿಗೆ ಬಂದಿದೆ. ಏನೂ ಇಲ್ಲದಿರಬಹುದು. ಏನೂ ಇಲ್ಲದಿದ್ದಾಗಲೂ ತನ್ನದೊಂದು ಫೋನು ತನ್ನ ಕೈಯಲ್ಲಿರಲಿ ಅನ್ನಿಸಬಹುದು ಎಂಬುದು ನನಗೆ ತಡವಾಗಿ ತಿಳಿಯಿತು.

ಚಳಿ ಕಳೆಯುವ ಹೊತ್ತಿಗೆ ಅಕ್ಕ ಕಲ್ಯಾಣದಲ್ಲಿ ಸಿಕ್ಕಳು. ಸಂತೆಯ ಚೀಲ ಕೆಳಗಿಟ್ಟು, ಬೇರೆ ಏನೋ ಹೇಳುವವಳಂತೆ ಹೇಳಿದಳು: “ಗಿರಣಿ ಹಿಂದಿನಾಕಿಗಿ ಬಸರ ನಿಂತದ, ತಾಯಿ ಕಾರ್ಡ್ ಮಾಡಿಸಿದೆ. ಅತ್ತಿನೇ ಕರದು ಕಟ್ಟಿ ಮ್ಯಾಲ ಕುಂಡ್ರಿಸಿ ಚಾ ಕೊಟ್ಟಳು.”

“ಆಕಿಗಿ ಬೇಕಾಗಿತ್ತೇನು?”

“ಯಾರಿಗಿ ಕೇಳ್ತಿ ಈಗ?” ಎಂದಳು. ಚೀಲ ಎತ್ತಿಕೊಳ್ಳುತ್ತ, “ಕಾರ್ಡ್ ಕೊಡುವಾಗ ಆಕಿಗಿ ಮೆಲ್ಲಗ ಹೇಳಿದೆ, ನಾ ಬೇಕಂತ ಹೇಳಿಲ್ಲವ್ವಾ, ಸೊನ್ನಿ ಅಳಸಿ ಹೋಗಿತ್ತು ಅಂತ.”

“ಏನಂದಳು?”

“ಕಾರ್ಡ್ ತಗೊಂಡಳು.”

ಒಂದು ಕಾರಣದಿಂದ ಒಂದೇ ಕಾರ್ಯ ಹುಟ್ಟುತ್ತದೆ ಎನ್ನಲು ಬರುವುದಿಲ್ಲ ಎಂದು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಸೂಜಿ ತಪ್ಪದೆ ಹೋಗಿದ್ದರೂ ಯಾವತ್ತೋ ಗೊತ್ತಾಗುತ್ತಿತ್ತು. ಅವಳೇ ಮನಸ್ಸು ಬದಲಿಸಿಯೂ ಇರಬಹುದಿತ್ತು. ಈ ವಾದದಲ್ಲಿ ತಪ್ಪಿಲ್ಲ. ತರಗತಿಯಲ್ಲಿ ಅದನ್ನು ಹೇಳುವಾಗ ಈಗೀಗ ನಾನು ಕಿಟಕಿಯ ಕಡೆ ತಿರುಗಿಕೊಳ್ಳುತ್ತೇನೆ.

ಹೋದ ತಿಂಗಳು ಒಂದು ಮಧ್ಯಾಹ್ನ ಹೆಂಡತಿಯ ಫೋನು ಕಿಟಕಿಯ ಕಟ್ಟೆಯ ಮೇಲೆ ರಿಂಗಾಗತೊಡಗಿತು. ಅವಳು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಕೈ ತಾನಾಗಿ ಹೋಯಿತು. ಅಕ್ಕನ ಹೆಸರು ಕಾಣುತ್ತಿತ್ತು. ಎತ್ತಲಿಲ್ಲ. ರಿಂಗಾಗುತ್ತಿದ್ದ ಫೋನನ್ನು ಹಿಡಿದು ಮೆಟ್ಟಿಲು ಹತ್ತಿದೆ. ಅರ್ಧ ದಾರಿಯಲ್ಲಿ ನಿಂತುಹೋಯಿತು. ಅವಳ ಕೈಗೆ ಕೊಟ್ಟು, “ಅಕ್ಕಂದು” ಎಂದೆ.

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನನ್ನೊಮ್ಮೆ ನೋಡಿದಳು. ಆಮೇಲೆ ಮಾಳಿಗೆಯ ಆ ಮೂಲೆಗೆ ಹೋಗಿ ತಾನೇ ಫೋನು ಹಚ್ಚಿದಳು. ನಾನು ಬಟ್ಟೆಯ ಬುಟ್ಟಿಯ ಹತ್ತಿರ ನಿಂತಿದ್ದೆ. ಬಹಳ ಹೊತ್ತು ಮಾತಾಡಿದಳು. ಒಮ್ಮೆ ನಕ್ಕಳು, ಆಮೇಲೆ ಸುಮ್ಮನೆ ಕೇಳಿಸಿಕೊಂಡಳು.

ತಿರುಗಿ ಬಂದು, “ಗಿರಣಿ ಹಿಂದಿನಾಕಿದು ಹೆರಿಗಿ ಆಯ್ತಂತ. ತಾಯಿ ಕೂಸು ಛಲೋ ಅದಾರಂತ” ಎಂದಳು.

“ಮತ್ತೇನಂದಳು ಅಕ್ಕ?”

ಕೇಳಿದಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ಬುಟ್ಟಿಯಿಂದ ನನ್ನದೇ ಒಂದು ಅಂಗಿ ತೆಗೆದು, ಎರಡು ಸಲ ಝಾಡಿಸಿ, ತಂತಿಯ ಮೇಲೆ ಹರವಿದಳು.

“ಅಂಗನವಾಡಿಗಿ ಹಿಟ್ಟು ಬಂದಾದಂತ,” ಎಂದಳು.